ರಕ್ತ ಕಡಿಮೆ ಅಂದರು, ಕೀಲೂ ನೋಯುತ್ತಿದೆ: ಯಾವುದರಿಂದ ಯಾವುದು?

ನನ್ನ ಒಪಿಡಿಯಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. "ಡಾಕ್ಟ್ರೇ, ಎಚ್‌ಬಿ ಒಂಬತ್ತು ಇದೆ ಅಂದ್ರು. ಮಂಡಿ ನೋಯುತ್ತೆ, ಬೆರಳು ಹಿಡ್ಕೊಳ್ಳುತ್ತೆ. ರಕ್ತ ಕಡಿಮೆ ಆಗಿದ್ದಕ್ಕೇ ಈ ನೋವಾ?"

ಸಾಮಾನ್ಯವಾಗಿ ಅಲ್ಲ. ಬರೀ ಕಬ್ಬಿಣಾಂಶ ಕಡಿಮೆಯಾದರೆ ಕೀಲು ಊದಿಕೊಳ್ಳುವುದಿಲ್ಲ, ಸವೆಯುವುದೂ ಇಲ್ಲ. ಆದರೆ ಇವೆರಡೂ ಒಬ್ಬರಲ್ಲೇ ಕಂಡರೆ ನಾನು ಸುಮ್ಮನೆ ಬಿಡುವುದಿಲ್ಲ. ಯಾಕೆಂದರೆ ಎಷ್ಟೋ ಸಲ ಸಂಬಂಧ ಇರುತ್ತದೆ, ದಿಕ್ಕು ಮಾತ್ರ ಉಲ್ಟಾ. ಕೀಲಿನ ಕಾಯಿಲೆಯೇ ರಕ್ತ ಇಳಿಸಿರುತ್ತದೆ. ಇಲ್ಲವೇ ಕೀಲುನೋವಿಗೆ ನುಂಗಿದ ಮಾತ್ರೆ ಇಳಿಸಿರುತ್ತದೆ. ಅದೂ ಅಲ್ಲ ಅಂದರೆ ಬೇರೆ ಯಾವುದೋ ಕಾಯಿಲೆ ಒಳಗೆ ಕೂತು ಎರಡನ್ನೂ ತಂದಿರುತ್ತದೆ. ಇವತ್ತು ನಾನು ಹೇಳಬೇಕಿರುವುದು ಇಷ್ಟೇ: ರಕ್ತ ಕಡಿಮೆ ಅಂತ ಯಾರಾದರೂ ಹೇಳಿದರೆ "ಯಾಕೆ ಕಡಿಮೆ?" ಅಂತ ವಾಪಸ್ ಕೇಳಿ. ಕೀಲುನೋವೂ ಇದ್ದರೆ ಇನ್ನೂ ಗಟ್ಟಿಯಾಗಿ ಕೇಳಿ.

ಕಡಿಮೆ ಅಂದರೆ ಎಷ್ಟು? ಎಚ್‌ಬಿ ಅಂದರೆ ಹಿಮೋಗ್ಲೋಬಿನ್, ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ. ಅದು ಹೆಂಗಸರಿಗೆ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕೆಳಗೆ, ಗರ್ಭಿಣಿಯರಿಗೆ 11ಕ್ಕಿಂತ ಕೆಳಗೆ, ಗಂಡಸರಿಗೆ 13ಕ್ಕಿಂತ ಕೆಳಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ನಮ್ಮ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಅಂದರೆ ಈ ಹಾಲ್‌ನಲ್ಲಿ ಕೂತಿರುವ ಇಬ್ಬರು ಅಕ್ಕಂದಿರಲ್ಲಿ ಒಬ್ಬರಿಗೆ ಅಂತ ಇಟ್ಟುಕೊಳ್ಳಿ. ಇನ್ನು ಐವತ್ತು ದಾಟಿದ ಮೇಲೆ ಮಂಡಿ ಸವೆತ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಎರಡೂ ಇಷ್ಟು ಸಾಮಾನ್ಯ ಆಗಿರುವಾಗ, ಒಬ್ಬರಲ್ಲೇ ಎರಡೂ ಸುಮ್ನೆ ಜೊತೆಗೆ ಬಿದ್ದಿರಬಹುದು, ಅಲ್ವಾ? ಅದೂ ಆಗುತ್ತದೆ. ಬರೀ ಮಂಡಿ ಸವೆತದಿಂದ ರಕ್ತ ಇಳಿಯುವುದಿಲ್ಲ. ಅಲ್ಲಿ ರಕ್ತ ಇಳಿದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು.

ಇನ್ನೊಂದು ಮಾತು. ರಕ್ತ ಕಡಿಮೆ ಇರುವವರಿಗೆ ಮೈಕೈ ನೋವು ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬೇಗ ಸುಸ್ತಾಗುತ್ತವೆ. ಮೆಟ್ಟಿಲು ಹತ್ತಿದರೆ ತೊಡೆ, ಮೀನಖಂಡ ಎಳೆಯುತ್ತವೆ, ಏದುಸಿರು ಬರುತ್ತದೆ. ಕಬ್ಬಿಣಾಂಶ ಕಡಿಮೆ ಇದ್ದರೆ ಕೆಲವರಿಗೆ ರಾತ್ರಿ ಮಲಗಿದ ಮೇಲೆ ಕಾಲು ಜೋಮು ಹಿಡಿದ ಹಾಗೆ, ಒಳಗೇನೋ ಹರಿದಾಡಿದ ಹಾಗೆ ಆಗಿ, ಕಾಲು ಆಡಿಸದೆ ಇರಲು ಆಗುವುದೇ ಇಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಆರಾಮ. ಇದನ್ನು ಬಹಳ ಜನ "ಕಾಲು ನೋವು" ಅಂತಲೇ ಹೇಳುತ್ತಾರೆ. ಇಂಥವರಿಗೆ ಕಬ್ಬಿಣಾಂಶ ತುಂಬಿಕೊಟ್ಟರೆ ಎಷ್ಟೋ ಜನರಿಗೆ ನಿಜವಾಗಿಯೂ ವಾಸಿಯಾಗುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು ನೋವು ಎಲ್ಲಿ ಅಂತ. ಕೀಲಲ್ಲೋ, ಮಾಂಸದಲ್ಲೋ, ಮೂಳೆಯಲ್ಲೋ? ಕೈಯಿಟ್ಟು ತೋರಿಸಿ ಅನ್ನುತ್ತೇನೆ. ಕೀಲು ಊದಿದೆಯಾ, ಮುಟ್ಟಿದರೆ ಬಿಸಿ ಇದೆಯಾ, ಬೆಳಗ್ಗೆ ಎದ್ದಾಗ ಎಷ್ಟು ಹೊತ್ತು ಹಿಡಿದುಕೊಂಡಿರುತ್ತದೆ?

ಆ ಕೊನೆಯ ಪ್ರಶ್ನೆ ಬಹಳ ಮುಖ್ಯ. ಮಂಡಿ ಸವೆದವರಿಗೂ ಬೆಳಗ್ಗೆ ಬಿಗಿ ಇರುತ್ತದೆ, ಆದರೆ ನಾಲ್ಕು ಹೆಜ್ಜೆ ಹಾಕಿದರೆ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದರೆ ಒಂದು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಬೆರಳು ಮಡಚಲು ಆಗುವುದಿಲ್ಲ. ಬಟ್ಟೆ ಹಿಂಡಲು ಆಗುವುದಿಲ್ಲ, ಸೀರೆ ನೆರಿಗೆ ಹಿಡಿಯಲು ಆಗುವುದಿಲ್ಲ, ಮುದ್ದೆ ತಿರುವುವುದಂತೂ ದೂರದ ಮಾತು. ಎರಡೂ ಕೈಯ ಬೆರಳಿನ ಗಿಣ್ಣು, ಮಣಿಕಟ್ಟು, ಪಾದದ ಮುಂಭಾಗ ಹೀಗೆ ಸಣ್ಣ ಕೀಲುಗಳು ಎಡಕ್ಕೂ ಬಲಕ್ಕೂ ಒಟ್ಟಿಗೆ ಊದುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ಬೀಳುವ ಕಾಯಿಲೆ ಇದು.

ರಕ್ತಹೀನತೆಯ ಜೊತೆ ಇದರ ನಂಟು ಬಹಳ ಗಟ್ಟಿ. ರುಮಟಾಯ್ಡ್ ಇರುವ 100 ಜನರಲ್ಲಿ 30ರಿಂದ 60 ಜನರಿಗೆ ರಕ್ತಹೀನತೆ ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುವ ಒಬ್ಬ ತಾಯಿ, ನಲವತ್ತರ ಒಳಗಿನ ವಯಸ್ಸು. ದಿನವಿಡೀ ಬಿಸಿನೀರಲ್ಲಿ ಗೂಡಿನಿಂದ ಎಳೆ ಹುಡುಕುವ ಕೆಲಸ. ಬೆರಳು ಊದಿದ್ದವು. ಬಿಸಿನೀರಿಗೇ ಹೀಗಾಗಿದೆ ಅಂತ ಅವರೂ, ಮನೆಯವರೂ, ಕೆಲಸದ ಜಾಗದವರೂ ನಂಬಿದ್ದರು. ಎಚ್‌ಬಿ ಒಂಬತ್ತರ ಆಸುಪಾಸು. ಹೋದಲ್ಲೆಲ್ಲ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಅವರು ತಪ್ಪದೆ ನುಂಗಿದ್ದರು ಕೂಡ. ಎಚ್‌ಬಿ ಏರಲೇ ಇಲ್ಲ. "ನೀನು ಮಾತ್ರೆ ಸರಿಯಾಗಿ ತಗೊಳ್ಳಲ್ಲ" ಅಂತ ಬೈಸಿಕೊಂಡಿದ್ದೂ ಆಯಿತು. ನಾನು ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ತಪ್ಪು ಅವರದ್ದಲ್ಲ. ಕೀಲಿನ ಕಾಯಿಲೆಗೆ ಸರಿಯಾದ ಔಷಧಿ ಶುರುವಾದ ಮೇಲೆ ಊತ ಇಳಿಯಿತು, ಕೆಲವು ತಿಂಗಳಲ್ಲಿ ಎಚ್‌ಬಿಯೂ ತಾನಾಗಿ ಏರಿತು.

ಯಾಕೆ ಹೀಗಾಗುತ್ತದೆ? ನಮ್ಮ ದೇಹದಲ್ಲಿ ಒಟ್ಟು ಮೂರು ನಾಲ್ಕು ಗ್ರಾಂ ಕಬ್ಬಿಣ ಇರುತ್ತದೆ, ಅಷ್ಟೇ. ಊಟದಿಂದ ದಿನಕ್ಕೆ ಒಳಗೆ ಸೇರುವುದು ಒಂದರಿಂದ ಎರಡು ಮಿಲಿಗ್ರಾಂ ಮಾತ್ರ. ಆದರೆ ಹೊಸ ರಕ್ತಕಣ ಮಾಡಲು ದಿನಕ್ಕೆ ಇಪ್ಪತ್ತಕ್ಕೂ ಜಾಸ್ತಿ ಮಿಲಿಗ್ರಾಂ ಬೇಕು. ಉಳಿದದ್ದು ಎಲ್ಲಿಂದ ಬರುತ್ತದೆ? ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸತ್ತ ಕಣದ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ, ಬಿಚ್ಚಿ ಹೊಸ ಕಣಕ್ಕೆ ಬಳಸುತ್ತದೆ. ಈ ಕೆಲಸದ ಮೇಲೆ ಹೆಪ್ಸಿಡಿನ್ ಅನ್ನುವ ಒಂದು ಹಾರ್ಮೋನು ಹಿಡಿತ ಇಟ್ಟುಕೊಂಡಿರುತ್ತದೆ. ಅದು ಲಿವರ್‌ನಲ್ಲಿ ತಯಾರಾಗುತ್ತದೆ. ಕೀಲುಗಳಲ್ಲಿ ಉರಿಯೂತ ಇದ್ದಾಗ ಐಎಲ್-6 ಅನ್ನುವ ರಾಸಾಯನಿಕ ರಕ್ತದಲ್ಲಿ ಏರುತ್ತದೆ. ಅದು ಲಿವರ್‌ಗೆ ಹೆಪ್ಸಿಡಿನ್ ಜಾಸ್ತಿ ಮಾಡು ಅನ್ನುತ್ತದೆ. ಹೆಪ್ಸಿಡಿನ್ ಏರಿತೆಂದರೆ ಕರುಳು ಊಟದಲ್ಲಿನ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ದಾಸ್ತಾನಲ್ಲಿ ಇರುವುದು ಆಚೆ ಬರುವುದಿಲ್ಲ. ಕಣಜದ ತುಂಬ ರಾಗಿ ಇದೆ, ಬಾಗಿಲಿಗೆ ಬೀಗ ಹಾಕಿದೆ, ಮನೆಯವರು ಉಪವಾಸ. ಹಾಗಾಗಿದೆ ಇಲ್ಲಿ. ಆ ತಾಯಿ ನುಂಗಿದ ಮಾತ್ರೆ ಅದಕ್ಕೇ ಹತ್ತಲಿಲ್ಲ.

ದೇಹ ಹೀಗೆ ಯಾಕೆ ಮಾಡುತ್ತದೆ ಅಂತ ಕೇಳಬಹುದು. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಸೋಂಕು ಬಂದಾಗ ಕಬ್ಬಿಣವನ್ನು ಅವಕ್ಕೆ ಸಿಗದ ಹಾಗೆ ಬಚ್ಚಿಡುವುದು ದೇಹದ ಹಳೆಯ ಜಾಣತನ. ನಾಲ್ಕು ದಿನದ ಜ್ವರಕ್ಕೆ ಅದು ಒಳ್ಳೆಯದೇ. ವರ್ಷಗಟ್ಟಲೆ ಇರುವ ಕೀಲುರೋಗದಲ್ಲಿ ಅದೇ ತೊಂದರೆ. ರುಮಟಾಯ್ಡ್‌ಗೆ ಟೊಸಿಲಿಜುಮ್ಯಾಬ್ ಅಂತ ಒಂದು ಇಂಜೆಕ್ಷನ್ ಇದೆ, ಅದು ಐಎಲ್-6ರ ಕೆಲಸವನ್ನೇ ತಡೆಯುತ್ತದೆ. ಅದನ್ನು ತೆಗೆದುಕೊಂಡವರಲ್ಲಿ ಕೀಲುನೋವಿನ ಜೊತೆಗೆ ರಕ್ತಹೀನತೆಯೂ ಸುಧಾರಿಸುತ್ತದೆ. ಎರಡಕ್ಕೂ ಬೇರು ಒಂದೇ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಎಲ್ಲರಿಗೂ ಆ ದುಬಾರಿ ಇಂಜೆಕ್ಷನ್ ಬೇಕಿಲ್ಲ, ಬಹಳ ಜನರಿಗೆ ಮಾತ್ರೆಗಳಲ್ಲೇ ಕಾಯಿಲೆ ಹತೋಟಿಗೆ ಬರುತ್ತದೆ.

ಇಲ್ಲಿ ಪರೀಕ್ಷೆಯಲ್ಲೂ ಒಂದು ಮೋಸ ಇದೆ. ಫೆರಿಟಿನ್ ಅನ್ನುವುದು ದಾಸ್ತಾನು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ. ಆರೋಗ್ಯವಂತರಲ್ಲಿ ಅದು 15ಕ್ಕಿಂತ ಕಡಿಮೆ ಬಂದರೆ ಕಬ್ಬಿಣ ಇಲ್ಲ ಅಂತ ಅರ್ಥ. ಆದರೆ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳು ಸುಳ್ಳೇ ಮೇಲೇರುತ್ತದೆ. ಅದಕ್ಕೇ ಅಂಥವರಲ್ಲಿ 70ಕ್ಕಿಂತ ಕಡಿಮೆ ಇದ್ದರೂ ಕಬ್ಬಿಣದ ಕೊರತೆ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಅಚ್ಚಾಗಿದೆ ಅಂತ ನೆಮ್ಮದಿಯಾಗಿ ಫೈಲ್ ಮುಚ್ಚಬೇಡಿ. ಜೊತೆಗೆ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಎಷ್ಟಿದೆ ನೋಡಿಸಿ.

ಈಗ ನೋವಿನ ಮಾತ್ರೆಗೆ ಬರೋಣ. ನನಗೆ ಸಿಟ್ಟು ಬರುವ ವಿಷಯ ಇದು.

ಮಂಡಿ ನೋಯುತ್ತದೆ. ಮೆಡಿಕಲ್ ಶಾಪ್‌ಗೆ ಹೋಗುತ್ತೀರಿ. "ನೋವಿಗೆ ಏನಾದ್ರೂ ಕೊಡಪ್ಪ" ಅನ್ನುತ್ತೀರಿ. ಮೂರು ನಾಲ್ಕು ಬಣ್ಣದ ಮಾತ್ರೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅದರಲ್ಲಿ ಡೈಕ್ಲೋಫೆನಾಕ್ ಇರಬಹುದು, ಐಬುಪ್ರೊಫೆನ್ ಇರಬಹುದು, ಜೊತೆಗೆ ಒಂದು ಸ್ಟಿರಾಯ್ಡೂ ಸೇರಿರಬಹುದು. ಸಂಜೆಗೆ ನೋವು ಮಾಯ. ಯಾರಿಗೆ ಬೇಡ ಹೇಳಿ? ಬೆಳಗ್ಗೆ ಹೊಲಕ್ಕೆ ಹೋಗಬೇಕಾದವರಿಗೆ ಬೇರೆ ದಾರಿ ಏನಿದೆ ಅಂತಲೂ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕಾಯುವ ರಾಸಾಯನಿಕವನ್ನೂ ತಡೆಯುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಜಿನುಗಬಹುದು. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ, ಅರವತ್ತೈದು ದಾಟಿದವರಿಗೆ, ಸ್ಟಿರಾಯ್ಡ್ ಜೊತೆ ಸೇರಿಸಿ ನುಂಗುವವರಿಗೆ ಅಪಾಯ ಇನ್ನೂ ಜಾಸ್ತಿ.

ಎಷ್ಟು ಜಿನುಗಿದರೆ ತೊಂದರೆ? ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೆ ಒಂದು ಟೀ ಚಮಚ, ಅಂದರೆ ಐದು ಮಿಲಿ ಜಿನುಗಿತು ಅನ್ನಿ, ಎರಡೂವರೆ ಮಿಲಿಗ್ರಾಂ ಹೋಯಿತು. ಊಟದಿಂದ ಒಳಗೆ ಬರುವುದು ಎಷ್ಟು ಅಂದೆ? ಒಂದರಿಂದ ಎರಡು. ಲೆಕ್ಕ ನೀವೇ ಹಾಕಿ. ಅಷ್ಟು ರಕ್ತ ಮಲದಲ್ಲಿ ಹೋದರೆ ಕಣ್ಣಿಗೆ ಕಾಣುವುದೂ ಇಲ್ಲ. ಹೊಟ್ಟೆನೋವೂ ಇಲ್ಲದೆ ಒಳಗೊಳಗೇ ನಡೆದಿರುತ್ತದೆ, ಯಾಕೆಂದರೆ ನೋವಿನ ಮಾತ್ರೆ ಆ ನೋವನ್ನೂ ಮುಚ್ಚಿಬಿಡುತ್ತದೆ. ಹೀಗೆ ಮಾತ್ರೆ ನುಂಗುತ್ತಿದ್ದವರು ಒಂದು ದಿನ ತಲೆಸುತ್ತಿ ಬಿದ್ದು ಬರುತ್ತಾರೆ. ಎಚ್‌ಬಿ ಆರೋ ಏಳೋ ಇರುತ್ತದೆ.

ಜಾಸ್ತಿ ರಕ್ತ ಹೋದಾಗ ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಬರುತ್ತದೆ. ಕಬ್ಬಿಣದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸಾಮಾನ್ಯವಾಗಿ ಅದು ಗಟ್ಟಿಯಾಗಿರುತ್ತದೆ, ಆ ಅಂಟು, ಆ ನಾತ ಇರುವುದಿಲ್ಲ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಎರಡೂ ತಗೊಳ್ಳುವವರು ಅನುಮಾನ ಬಂದರೆ ಕಾಯಬೇಡಿ, ಅವತ್ತೇ ಬಂದು ತೋರಿಸಿ. ಇಲ್ಲಿ ಮುಂದೆ ಕೂತಿರುವ ಆಶಾ ಕಾರ್ಯಕರ್ತೆಯರಿಗೆ ನನ್ನದೊಂದು ಕೋರಿಕೆ: ಮನೆಮನೆಗೆ ಹೋದಾಗ ವಯಸ್ಸಾದವರನ್ನು ಇದೊಂದು ಕೇಳಿ. ನಾಚಿಕೆಯಿಂದ ಅವರಾಗಿ ಹೇಳುವುದಿಲ್ಲ.

ಲೇಬಲ್ ಇಲ್ಲದ ಡಬ್ಬಿಯಲ್ಲಿ "ವಾತದ ಪುಡಿ" ಅಂತ ಮಾರುತ್ತಾರಲ್ಲ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಆಯುರ್ವೇದದ ವಿರೋಧಿ ಅಲ್ಲ. ಆದರೆ ಒಳಗೇನಿದೆ ಅಂತ ಗೊತ್ತಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಉಂಟು. ಕೆಲವು ಭಸ್ಮಗಳಲ್ಲಿ ಸೀಸವೂ ಸಿಕ್ಕಿದೆ. ಸೀಸ ಮೈಗೆ ಸೇರಿದರೆ ರಕ್ತಹೀನತೆ ಬರುತ್ತದೆ, ಹೊಟ್ಟೆನೋವು ಬರುತ್ತದೆ, ಮೈಕೈ, ಕೀಲು ನೋವೂ ಬರುತ್ತದೆ. ಯಾವ ನೋವಿಗೆ ಅಂತ ತಿಂದರೋ ಅದೇ ನೋವು.

ಸರಿಯಾದ ಔಷಧಿಯನ್ನೂ ಸರಿಯಾಗಿ ತಗೊಳ್ಳಬೇಕು. ರುಮಟಾಯ್ಡ್‌ಗೆ ಮೊದಲ ಔಷಧಿ ಮೆಥೋಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ವಾರಕ್ಕೆ! ದಿನಾ ನುಂಗಿದವರನ್ನು ರಕ್ತಕಣಗಳೆಲ್ಲ ಕುಸಿದು, ಬಾಯಿತುಂಬ ಹುಣ್ಣಾಗಿ ಐಸಿಯುಗೆ ಸೇರಿಸಬೇಕಾಗುತ್ತದೆ, ಪ್ರಾಣ ಹೋಗಿರುವುದೂ ಉಂಟು. ಈ ಔಷಧಿ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ಬರುತ್ತದೆ, ಅದಕ್ಕೇ ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಅದನ್ನು ಬಿಡಬೇಡಿ. ವಾರದ ಯಾವ ದಿನ ನುಂಗಬೇಕು ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಡಾಕ್ಟರ್ ಬರೆದಾಗಲೆಲ್ಲ ರಕ್ತ ಪರೀಕ್ಷೆ ಮಾಡಿಸಿ.

ಎರಡನ್ನೂ ಒಟ್ಟಿಗೆ ತರುವ ಕಾಯಿಲೆಗಳ ಬಗ್ಗೆ ಹೇಳಬೇಕು. ನಮ್ಮ ರಾಜ್ಯದಲ್ಲೇ ಇರುವುದರಿಂದ ಮೊದಲು ಕುಡಗೋಲು ಕಣದ ಕಾಯಿಲೆ, ಸಿಕಲ್ ಸೆಲ್. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಎಚ್.ಡಿ. ಕೋಟೆ, ಕೊಡಗಿನ ಕಡೆಯ ಜೇನುಕುರುಬರು, ಯರವರಲ್ಲಿ ಇದು ಕಂಡುಬರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದ ಮಗುವಿಗೆ ರಕ್ತಕಣ ಕುಡಗೋಲಿನ ಆಕಾರಕ್ಕೆ ಬಾಗುತ್ತದೆ, ಬೇಗ ಒಡೆಯುತ್ತದೆ. ಅದು ರಕ್ತಹೀನತೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೂಳೆಗೆ ರಕ್ತ ಹೋಗುವುದಿಲ್ಲ. ಅದು ನೋವು, ಸಹಿಸಲಾಗದ ನೋವು. ಎಳೆಮಕ್ಕಳಲ್ಲಿ ಕೈಕಾಲಿನ ಬೆರಳು ಊದಿಕೊಳ್ಳುತ್ತವೆ. ದೊಡ್ಡವರಾದ ಮೇಲೆ ಸೊಂಟದ ಕೀಲಿನ ಮೂಳೆ ರಕ್ತವಿಲ್ಲದೆ ಸಾಯಬಹುದು, ಇಪ್ಪತ್ತೈದು ಮೂವತ್ತರ ಹುಡುಗ ಕುಂಟುತ್ತಾ ಬರುತ್ತಾನೆ. ಚಳಿ, ನೀರು ಕುಡಿಯದಿರುವುದು, ಜ್ವರ ಇವೆಲ್ಲ ನೋವನ್ನು ಕೆರಳಿಸುತ್ತವೆ. ಇಂಥವರಿಗೆ "ರಕ್ತ ಕಡಿಮೆ" ಅಂತ ಪರೀಕ್ಷೆ ಮಾಡದೆ ಕಬ್ಬಿಣ ಕೊಡುತ್ತಾ ಹೋಗುವುದು ಸರಿಯಲ್ಲ. ಅವರಿಗೆ ಬೇಕಿರುವುದು ಫೋಲಿಕ್ ಆಮ್ಲ, ಕಣ ಬಾಗುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ, ಲಸಿಕೆಗಳು. 2023ರ ಜುಲೈ 1ರಂದು ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಗಿದೆ. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ ಎಲ್ಲರಿಗೂ ಪರೀಕ್ಷೆ ಮಾಡುವ ಕಾರ್ಯಕ್ರಮ ಅದು. ಹಾಡಿಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಒಬ್ಬರನ್ನೂ ಬಿಡಬೇಡಿ.

ಲೂಪಸ್ ಅಂತ ಇನ್ನೊಂದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಕೀಲುನೋವು, ಬಿಸಿಲಿಗೆ ಮುಖ ಕೆಂಪಾಗುವುದು, ಕೂದಲು ಉದುರುವುದು, ಬಾಯಿಹುಣ್ಣು, ಜೊತೆಗೆ ದೇಹವೇ ತನ್ನ ರಕ್ತಕಣ ಒಡೆಯುವುದು. ಕಿಡ್ನಿಗೂ ಹೊಡೆತ ಬೀಳುವುದರಿಂದ ಮೂತ್ರ ಪರೀಕ್ಷೆ ಬೇಕೇ ಬೇಕು. ವಯಸ್ಸಾದವರಲ್ಲಿ ಬಿಡದ ಬೆನ್ನುಮೂಳೆ ನೋವು, ರಕ್ತಹೀನತೆ, ಕಿಡ್ನಿ ತೊಂದರೆ ಮೂರೂ ಸೇರಿದರೆ ಮಯಲೋಮ ಅನ್ನುವ ಮಜ್ಜೆಯ ಕ್ಯಾನ್ಸರ್ ನೆನಪಿಗೆ ಬರಬೇಕು. ಥೈರಾಯ್ಡ್ ಕಡಿಮೆ ಇದ್ದರೂ ಎರಡೂ ಬರುತ್ತವೆ, ಅದು ಸುಲಭದ ಪರೀಕ್ಷೆ.

ಮಕ್ಕಳ ಬಗ್ಗೆ ಸ್ವಲ್ಪ ನಿಧಾನವಾಗಿ ಕೇಳಿ. ಆಡುವ ಮಕ್ಕಳಿಗೆ ಸಂಜೆ ಕಾಲುನೋವು ಬರುತ್ತದೆ, ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತದೆ, ಬೆಳಗ್ಗೆ ಮತ್ತೆ ಓಡುತ್ತವೆ. ಅದಕ್ಕೆ ಹೆದರಬೇಡಿ. ಆದರೆ ಮಗು ಬಿಳಿಚಿಕೊಂಡಿದೆ, ಆಟ ಬಿಟ್ಟಿದೆ, ಕಾಲು ನೋವು ಅಂತ ರಾತ್ರಿ ಎದ್ದು ಅಳುತ್ತದೆ, ಆಗಾಗ ಜ್ವರ, ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ, ಕುತ್ತಿಗೆಯಲ್ಲಿ ಗಂಟು ಇದೆ ಅಂದರೆ ಟಾನಿಕ್ ಕೊಟ್ಟು ಕಾಯಬೇಡಿ. ರಕ್ತದ ಕ್ಯಾನ್ಸರ್ ಕೆಲವು ಮಕ್ಕಳಲ್ಲಿ ಮೊದಲು ಮೂಳೆ, ಕೀಲು ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಕೀಲುವಾತ ಅಂತ ಸ್ಟಿರಾಯ್ಡ್ ಕೊಟ್ಟುಬಿಟ್ಟರೆ ಕಾಯಿಲೆ ಮರೆಯಾಗಿ ರೋಗ ಪತ್ತೆಯೇ ತಡವಾಗುತ್ತದೆ. ರಕ್ತಕಣಗಳನ್ನು ಎಣಿಸುವ ಸಿಬಿಸಿ, ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್, ಇವೆರಡು ಸಣ್ಣ ಪರೀಕ್ಷೆ ತಕ್ಷಣ ಮಾಡಿಸಿ. ಮಕ್ಕಳ ರಕ್ತದ ಕ್ಯಾನ್ಸರ್ ಬಹಳಷ್ಟು ಮಟ್ಟಿಗೆ ಗುಣವಾಗುವ ಕಾಯಿಲೆ, ಬೇಗ ಬಂದರೆ.

ಊಟದ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ ಅಂತ ಗೊತ್ತು. ನಮ್ಮಲ್ಲಿ ಹೆಂಗಸರ ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ದೊಡ್ಡ ಕಾರಣ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು, ಹೆರಿಗೆ, ಮೂಲವ್ಯಾಧಿ, ಕೊಕ್ಕೆಹುಳು ಇವೂ ಸೇರುತ್ತವೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಡಿ. ಸೊಪ್ಪಿನ ಸಾರಿಗೆ, ಹುರುಳಿಕಾಳಿಗೆ ನಿಂಬೆಹಣ್ಣು ಹಿಂಡಿ, ಪಕ್ಕದಲ್ಲಿ ಒಂದು ಸೀಬೆ ಇಟ್ಟುಕೊಳ್ಳಿ. ರಾಗಿಯನ್ನು ಮೊಳಕೆ ಕಟ್ಟಿ ಬಳಸಿದರೆ ಅದರಲ್ಲಿನ ಕಬ್ಬಿಣ ದೇಹಕ್ಕೆ ಇನ್ನೂ ಚೆನ್ನಾಗಿ ಸಿಗುತ್ತದೆ. ಮಾಂಸ ತಿನ್ನುವವರಿಗೆ ಲಿವರ್ ಒಳ್ಳೆಯದು, ಆದರೆ ಗರ್ಭಿಣಿಯರು ಅದನ್ನು ಡಾಕ್ಟರನ್ನು ಕೇಳಿಕೊಂಡೇ ತಿನ್ನಿ. ಹಾಲು ಮೊಸರು ಬಿಟ್ಟು ಬೇರೆ ಪ್ರಾಣಿಜನ್ಯ ಆಹಾರ ತಿನ್ನದವರಲ್ಲಿ ಬಿ12 ಕೊರತೆ ಜಾಸ್ತಿ. ಅದರಲ್ಲಿ ಪಾದ ಉರಿ, ಜೋಮು ಇರುತ್ತದೆ, ಅದನ್ನೂ ಕೀಲುನೋವು ಅಂತ ತಪ್ಪು ತಿಳಿಯುವುದುಂಟು. ಎಚ್‌ಬಿ ಸರಿಯಾದ ಮೇಲೂ ದಾಸ್ತಾನು ತುಂಬಲು ಕಬ್ಬಿಣದ ಮಾತ್ರೆಯನ್ನು ಎರಡು ಮೂರು ತಿಂಗಳು ಮುಂದುವರಿಸಬೇಕು. ಸುಸ್ತು ಹೋಯಿತು ಅಂತ ಅರ್ಧಕ್ಕೆ ಬಿಡುವವರೇ ಜಾಸ್ತಿ.

ಆಸ್ಪತ್ರೆಗೆ ಬರುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿ, ಪೊಟ್ಟಣ ಚೀಲಕ್ಕೆ ಹಾಕಿಕೊಂಡು ತನ್ನಿ. ಹಳೆಯ ಎಚ್‌ಬಿ ರಿಪೋರ್ಟ್ ಇದ್ದರೆ ತನ್ನಿ. ಹೋದ ವರ್ಷ 12 ಇದ್ದದ್ದು ಈಗ 9 ಆಗಿದೆ ಅನ್ನುವುದು, ಹತ್ತು ವರ್ಷದಿಂದ 10 ಇದೆ ಅನ್ನುವುದು, ಎರಡೂ ನನಗೆ ಬೇರೆ ಬೇರೆ ಕಥೆ ಹೇಳುತ್ತವೆ.

ಹಿಂದೆ ಕೂತಿರುವ ಅಣ್ಣ ಒಬ್ಬರು ಚೀಟಿ ಕಳಿಸಿದ್ದಾರೆ: "ಎರಡು ಬಾಟಲಿ ರಕ್ತ ಹಾಕಿಸಿಕೊಂಡರೆ ನೋವೂ ಹೋಗುತ್ತಾ?" ಇಲ್ಲ ಅಣ್ಣ. ರಕ್ತ ಹಾಕುವುದು ಸಾಮಾನ್ಯವಾಗಿ ಎಚ್‌ಬಿ 7ಕ್ಕಿಂತ ಕೆಳಗೆ ಇಳಿದಾಗ, ಇಲ್ಲವೇ ರಕ್ತಸ್ರಾವ, ಏದುಸಿರು, ಎದೆನೋವು ಇದ್ದಾಗ. ಅದರಿಂದ ಸುಸ್ತು ಕಡಿಮೆಯಾಗುತ್ತದೆ, ಕೀಲಿನ ಊತ ಇಳಿಯುವುದಿಲ್ಲ, ಹೊಟ್ಟೆಯ ಹುಣ್ಣು ಮಾಯುವುದಿಲ್ಲ. ಹಾಕಿಸಲೇಬೇಕಾಗಿ ಬಂದರೆ, ಹಾಕುವ ಮೊದಲೇ ಪರೀಕ್ಷೆಗೆ ನಿಮ್ಮ ರಕ್ತ ತೆಗೆದಿಟ್ಟಿದ್ದಾರಾ ಅಂತ ಕೇಳಿ. ಬೇರೆಯವರ ರಕ್ತ ಮೈಗೆ ಸೇರಿದ ಮೇಲೆ ಸ್ಮಿಯರ್ ನೋಡಿದರೂ, ಸಿಕಲ್ ಸೆಲ್ ಪರೀಕ್ಷೆ ಮಾಡಿದರೂ ಎರಡೂ ಕಲಸಿಹೋಗಿರುತ್ತವೆ. ಆಮೇಲೆ ಕಾರಣ ಹುಡುಕಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.